ಹೊಳೆದದ್ದು ಯಾವುದು? ಚೊಗರಿನಿಂದ ಕಾರ್ಬನ್ ಡಾಟ್ ಮಾಡಿದ ನನ್ನ ಅನುಭವ

ಶಿರಸಿ ಕಡೆ ಅಡಿಕೆ ಮನೆಯಲ್ಲಿ ಹುಟ್ಟಿದವರಿಗೆ ಚೊಗರು ಅಂದರೆ ಏನು ಅಂತ ಹೇಳಬೇಕಿಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ನೀರು ಕೆಂಪಾಗುತ್ತದೆ. ಅದೇ ನೀರಿಗೆ ಮತ್ತೆ ಮತ್ತೆ ಅಡಿಕೆ ಹಾಕಿ ಬೇಯಿಸುತ್ತಾ ಹೋದರೆ ಕೊನೆಗೆ ಗಟ್ಟಿಯಾದ ಕಡುಗೆಂಪು ರಸ ಉಳಿಯುತ್ತದೆ. ನಾಲಿಗೆಗೆ ತಾಗಿದರೆ ಒಗರು. ಬಟ್ಟೆಗೆ ಬಿದ್ದರೆ ಕಲೆ ಹೋಗುವುದೇ ಇಲ್ಲ. ಕೆಂಪಡಿಕೆಗೆ ಬಣ್ಣ ಕೊಡುವುದು ಇದೇ.

ಇನ್ನೊಂದು ವಿಷಯವೂ ನಮಗೆ ಚಿಕ್ಕಂದಿನಿಂದ ಗೊತ್ತು. ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯಲು ಕೂತರೆ ಕತ್ತಿಯ ಅಲಗು ಕಪ್ಪಾಗುತ್ತದೆ, ಸುಲಿದವರ ಬೆರಳೂ ಕಪ್ಪಾಗುತ್ತದೆ. ವಾರಗಟ್ಟಲೆ ಹೋಗುವುದಿಲ್ಲ. ಅದು ಕೊಳೆ ಅಲ್ಲ. ಅಡಿಕೆಯ ಒಗರಿನ ಅಂಶ, ಅಂದರೆ ಟ್ಯಾನಿನ್, ಕತ್ತಿಯ ಕಬ್ಬಿಣವನ್ನು ಹಿಡಿದುಕೊಂಡಾಗ ಬರುವ ಬಣ್ಣ. ಹಳೇ ಕಾಲದ ಕಪ್ಪು ಶಾಯಿಯನ್ನೂ ಟ್ಯಾನಿನ್ ಮತ್ತು ಕಬ್ಬಿಣದಿಂದಲೇ ಮಾಡುತ್ತಿದ್ದರು.

ನಾನೀಗ ಕಾರವಾರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪಿಎಚ್‌ಡಿ ಮಾಡಿದ್ದು ನ್ಯಾನೋ ವಸ್ತುಗಳ ಮೇಲೆ. ಇಲ್ಲಿಗೆ ಬಂದ ಮೇಲೆ, ದುಬಾರಿ ರಾಸಾಯನಿಕ ತರಿಸದೆ, ನಮ್ಮ ಕೈಗೆ ಸಿಗುವ ವಸ್ತುವಿನಿಂದಲೇ ಒಂದು ಗಟ್ಟಿ ಕೆಲಸ ಮಾಡಬೇಕು ಅನ್ನಿಸಿತು. ಆಗ ನೆನಪಾದದ್ದು ಚೊಗರು. ಅದರಿಂದ ಕಾರ್ಬನ್ ಡಾಟ್ ಮಾಡಬಹುದಲ್ವಾ? ಟ್ಯಾನಿನ್‌ಗೆ ಕಬ್ಬಿಣ ಹಿಡಿಯುವ ಗುಣ ಇರುವುದರಿಂದ, ಬಾವಿ ನೀರಿನಲ್ಲಿರುವ ಕಬ್ಬಿಣವನ್ನು ಆ ಡಾಟ್ ಗುರುತಿಸಬಹುದಲ್ವಾ? ಇಷ್ಟೇ ಯೋಚನೆ. ನಾಲ್ಕು ವರ್ಷ ಹಿಡಿಯಿತು.

ಕಾರ್ಬನ್ ಡಾಟ್ ಅಂದರೆ 10 ನ್ಯಾನೋಮೀಟರ್‌ಗಿಂತ ಚಿಕ್ಕದಾದ ಇಂಗಾಲದ ಕಣ. ನಮ್ಮ ಒಂದು ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್, ಅದರ ಮುಂದೆ ಇದು ಎಷ್ಟು ಚಿಕ್ಕದು ನೋಡಿ. ಇದರ ಮೇಲೆ ಅತಿನೇರಳೆ ಬೆಳಕು ಬಿಟ್ಟರೆ ನೀಲಿಯಾಗಿಯೋ ಹಸಿರಾಗಿಯೋ ಹೊಳೆಯುತ್ತದೆ. 2004ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಇಂಗಾಲದ ಮಸಿಯಿಂದ ನ್ಯಾನೋಟ್ಯೂಬ್ ಬೇರ್ಪಡಿಸುತ್ತಿದ್ದವರಿಗೆ ಇದು ಅಚಾನಕ್ಕಾಗಿ ಸಿಕ್ಕಿತು. 2023ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಕ್ವಾಂಟಮ್ ಡಾಟ್‌ಗೆ. ಅವು ಕ್ಯಾಡ್ಮಿಯಂ ಸೆಲೆನೈಡ್‌ನಂಥ ಅರೆವಾಹಕದ ಕಣಗಳು. ಅವುಗಳ ಬಣ್ಣ ಕಣದ ಗಾತ್ರದ ಮೇಲೆ ಹೋಗುತ್ತದೆ. ಕಾರ್ಬನ್ ಡಾಟ್‌ನ ಬೆಳಕಿನ ಮೂಲ ಅಷ್ಟು ಸರಳ ಅಲ್ಲ. ನನ್ನ ನಾಲ್ಕು ವರ್ಷ ಹೋದದ್ದೇ ಆ ಮೂಲ ಹುಡುಕುವುದರಲ್ಲಿ.

ಮಾಡುವ ವಿಧಾನ ಕೇಳಿದರೆ ಪ್ರೆಶರ್ ಕುಕ್ಕರ್‌ನಲ್ಲಿ ಅಡುಗೆ ಮಾಡಿದ ಹಾಗೇ ಅನ್ನಿಸುತ್ತದೆ. ಚೊಗರನ್ನು ನೀರಿನಲ್ಲಿ ತೆಳ್ಳಗೆ ಮಾಡಿ, ಸೋಸಿ, ಟೆಫ್ಲಾನ್ ಡಬ್ಬಿಗೆ ಹಾಕುತ್ತೇವೆ. 50 ಮಿಲಿಲೀಟರ್ ಡಬ್ಬಿಗೆ 30 ಮಿಲಿಲೀಟರ್ ಮಾತ್ರ. ಪೂರ್ತಿ ತುಂಬಿದರೆ ಬಿಸಿಯಾದಾಗ ಹಿಗ್ಗಲು ಜಾಗ ಇರುವುದಿಲ್ಲ. ಆ ಡಬ್ಬಿಯನ್ನು ಸ್ಟೀಲ್ ಕವಚದೊಳಗೆ ಇಟ್ಟು, ತಿರುಪು ಬಿಗಿ ಮಾಡಿ, ಓವನ್‌ನಲ್ಲಿ 180 ಡಿಗ್ರಿಗೆ 8 ತಾಸು ಇಡುತ್ತೇವೆ. ಮನೆಯ ಕುಕ್ಕರ್ 120 ಡಿಗ್ರಿ ಆಸುಪಾಸು ಹೋಗುತ್ತದೆ, ಒಳಗಿನ ಒತ್ತಡ ಹೊರಗಿನ ಗಾಳಿಯ ಎರಡು ಪಟ್ಟು. 180 ಡಿಗ್ರಿಯಲ್ಲಿ ನೀರಿನ ಹಬೆಯ ಒತ್ತಡ ಹತ್ತು ಪಟ್ಟು. ಆದ್ದರಿಂದ ಓವನ್ ಆರಿಸಿದ ಮೇಲೆ ಅದು ತಾನಾಗಿಯೇ ತಣಿಯಬೇಕು. ನೀರು ಸುರಿದು ತಣಿಸುವುದು, ಬಿಸಿ ಇರುವಾಗ ಬಿಚ್ಚುವುದು ಮಾಡಲೇಬಾರದು. ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ, ಆಮೇಲೆ ರಸಾಯನಶಾಸ್ತ್ರ.

ಕಾರವಾರದ ಮಳೆಗಾಲದಲ್ಲಿ 8 ತಾಸು ಸತತ ಕರೆಂಟು ಸಿಗುವುದು ಕಷ್ಟ. ಐದನೇ ತಾಸಿಗೆ ಕರೆಂಟು ಹೋಗಿ, ಓವನ್ ತಣಿದು, ಮತ್ತೆ ಬಿಸಿಯಾದರೆ ಆ ಬ್ಯಾಚ್ ಬೇರೆಯದೇ ಆಗುತ್ತದೆ. ಕೊನೆಗೆ ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಾಟ್ ಬೇಯಿಸುವುದನ್ನೇ ಬಿಟ್ಟೆವು. ಬೇಸಿಗೆಯಲ್ಲಿ ಬೇಯಿಸಿಟ್ಟುಕೊಂಡು ಮಳೆಗಾಲದಲ್ಲಿ ಅಳೆಯುವುದು. ಉಪ್ಪಿನಕಾಯಿ, ಹಪ್ಪಳದ ಲೆಕ್ಕವೂ ನಮ್ಮಲ್ಲಿ ಹಾಗೇ ಅಲ್ವಾ.

ಮೊದಲ ಬ್ಯಾಚ್ ಬಿಚ್ಚಿದ ದಿನ ಚೆನ್ನಾಗಿ ನೆನಪಿದೆ. ಕಂದು ಬಣ್ಣದ ದ್ರಾವಣ, ತಳದಲ್ಲಿ ಕರಿ ಪುಡಿ. ಪುಡಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತೆಗೆದೆವು. ಉಳಿದ ನೀರನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ತೆಳ್ಳಗೆ ಮಾಡಿ, 365 ನ್ಯಾನೋಮೀಟರ್ ಟಾರ್ಚ್ ಬಿಟ್ಟೆವು. ನೀಲಿಯಾಗಿ ಹೊಳೆಯಿತು! ನನ್ನ ವಿದ್ಯಾರ್ಥಿನಿ ಕೈ ಚಪ್ಪಾಳೆ ತಟ್ಟಿಬಿಟ್ಟಳು. ನನಗೂ ಗಂಟಲು ಕಟ್ಟಿತು. ನಮ್ಮ ಮನೆಯ ಹಂಡೆಯ ರಸ ಅದು.

ಇಲ್ಲಿಂದ ಮುಂದೆ ಹೇಳುವುದನ್ನು, ಈ ಕೆಲಸ ಶುರು ಮಾಡುವವರು ದಯವಿಟ್ಟು ಗಮನ ಇಟ್ಟು ಓದಿ.

ಡಾಟ್ ಜೊತೆ ಆ ನೀರಿನಲ್ಲಿ ಇನ್ನೂ ಎಷ್ಟೋ ಚಿಕ್ಕ ಅಣುಗಳು ಇರುತ್ತವೆ. ಅರ್ಧ ಬೆಂದವು, ಒಡೆದವು, ಹೊಸದಾಗಿ ಹುಟ್ಟಿದವು. ಅವನ್ನು ತೆಗೆಯಲು ಡಯಾಲಿಸಿಸ್ ಮಾಡುತ್ತಾರೆ. ಕಿಡ್ನಿ ತೊಂದರೆ ಇದ್ದವರಿಗೆ ಮಾಡುವುದೂ ಇದೇ ತತ್ವದ ಮೇಲೆ. ತೆಳುವಾದ ಕೊಳವೆಯಂಥ ಚೀಲದಲ್ಲಿ ದ್ರಾವಣ ಹಾಕಿ, ಎರಡೂ ಬಾಯಿ ಕಟ್ಟಿ, ದೊಡ್ಡ ಬೀಕರ್‌ನ ಶುದ್ಧ ನೀರಿನಲ್ಲಿ ಮುಳುಗಿಸಿಡುವುದು. ಸುಮಾರು 1,000 ಡಾಲ್ಟನ್‌ಗಿಂತ (ಅಣುವಿನ ತೂಕದ ಮಾನ) ಚಿಕ್ಕ ಅಣುಗಳು ಹೊರಗೆ ಹೋಗುತ್ತವೆ, ಡಾಟ್ ಒಳಗೇ ಉಳಿಯುತ್ತದೆ. ನಾವು ಮಾಡುತ್ತಿದ್ದೆವು ನಿಜ, ಆದರೆ ಒಂದೇ ರಾತ್ರಿ, ನೀರು ಬದಲಿಸುವುದು ಒಂದೇ ಸಲ. ಚೀಲದ ಒಳಗಿನದು ಹೊಳೆಯುತ್ತಿತ್ತು, ಸಾಕು ಅಂದುಕೊಂಡಿದ್ದೆವು. ಹೊರಗಿನ ನೀರನ್ನು ಸಿಂಕಿಗೆ ಚೆಲ್ಲುತ್ತಿದ್ದೆವು.

ಜುಲೈ ತಿಂಗಳ ಒಂದು ಸಂಜೆ. ಮಳೆ ಜೋರಾಗಿತ್ತು, ಕರೆಂಟು ಇರಲಿಲ್ಲ. ಮನೆಗೆ ಹೊರಡುವ ಮುಂಚೆ ಡಯಾಲಿಸಿಸ್ ಬೀಕರ್ ಎತ್ತಿಡೋಣ ಅಂತ ಹೋದೆ. ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಅತಿನೇರಳೆ ಟಾರ್ಚ್. ಹಚ್ಚಿದೆ. ಬೀಕರ್ ಪೂರ್ತಿ ನೀಲಿ ಹೊಳೆಯಿತು. ಒಂದು ಲೀಟರ್ ನೀರು, ಮೇಲಿಂದ ಕೆಳಗಿನವರೆಗೆ. ನಡುವೆ ನೇತುಬಿದ್ದ ಚೀಲ ಮಾತ್ರ ಮಂಕಾಗಿ, ಸ್ವಲ್ಪ ಹಸಿರಾಗಿ ಕಾಣುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹೊರಗೆ ಮಳೆ ಸುರಿಯುತ್ತಲೇ ಇತ್ತು.

ಆರು ತಿಂಗಳು ನಾವು ಡಾಟ್‌ನ ಬೆಳಕು ಅಂತ ಅಳೆದದ್ದರಲ್ಲಿ ಬಹುಪಾಲು ಡಾಟ್‌ನದ್ದಲ್ಲ. ಚಿಕ್ಕ ಅಣುಗಳದ್ದು. ಅವು ಚೀಲದಿಂದ ಹೊರಗೆ ಹೋಗುತ್ತಿದ್ದವು, ನಾವು ಪೂರ್ತಿ ಹೋಗಲು ಬಿಟ್ಟಿರಲಿಲ್ಲ.

ಮರುದಿನ ತಟ್ಟೆ ಕ್ರೊಮಟೋಗ್ರಫಿ ಮಾಡಿದೆವು. ಸಿಲಿಕಾ ಹಚ್ಚಿದ ತಟ್ಟೆಯ ಕೆಳಗೆ ಒಂದು ಹನಿ ಇಟ್ಟು, ದ್ರಾವಕ ಮೇಲೇರಲು ಬಿಟ್ಟು, ಟಾರ್ಚ್ ಹಿಡಿದು ನೋಡುವುದು. ಶುದ್ಧ ಮಾಡದ ದ್ರಾವಣದಲ್ಲಿ ಮೂರು ನೀಲಿ ಚುಕ್ಕೆ ಮೇಲೇರಿ ಕೂತಿದ್ದವು. ಹನಿ ಇಟ್ಟ ಜಾಗದಲ್ಲಿ ಕಂದು ಕಲೆ, ಅದರಲ್ಲಿ ಸಣ್ಣ ಹಸಿರು ಹೊಳಪು. ಒಂದೇ ಕಣವಾಗಿದ್ದರೆ ಹೀಗೆ ನಾಲ್ಕು ಕಡೆ ಹಂಚಿಹೋಗುತ್ತಿರಲಿಲ್ಲ. ಇದು ನಮಗೊಬ್ಬರಿಗೇ ಆದದ್ದಲ್ಲ. ಸಿಟ್ರಿಕ್ ಆಸಿಡ್‌ನಿಂದ ಮಾಡುವ ಬಹಳ ಹೊಳೆಯುವ ಡಾಟ್‌ಗಳಲ್ಲೂ ಜಾಸ್ತಿ ಬೆಳಕು ಜೊತೆಗೇ ಹುಟ್ಟುವ ಚಿಕ್ಕ ಅಣುಗಳದ್ದು ಅಂತ ತೋರಿಸಿದ ಕೆಲಸಗಳಿವೆ. ಅವನ್ನು ನಾನು ಮೊದಲೇ ಓದಿದ್ದೆ. ಆದರೆ ನನ್ನ ಬೀಕರ್‌ಗೆ ಟಾರ್ಚ್ ಹಿಡಿದು ನೋಡಿರಲಿಲ್ಲ.

ಆಮೇಲೆ ನಿಯಮ ಬದಲಾಯಿತು. ಡಯಾಲಿಸಿಸ್ ಕನಿಷ್ಠ ಮೂರು ದಿನ. ಆರು ತಾಸಿಗೊಮ್ಮೆ ನೀರು ಬದಲಿಸುವುದು, ಪ್ರತಿ ಸಲದ ಹೊರ ನೀರಿನ ಫ್ಲೋರೆಸೆನ್ಸ್, ಅಂದರೆ ಹೊಳಪು, ಅಳೆದು ಬರೆಯುವುದು. ಹೊರ ನೀರು ಪೂರ್ತಿ ಕತ್ತಲಾದ ಮೇಲೆಯೇ ನಿಲ್ಲಿಸುವುದು. ಕ್ವಾಂಟಮ್ ಯೀಲ್ಡ್, ಅಂದರೆ ಹೀರಿದ ಬೆಳಕಿನಲ್ಲಿ ಎಷ್ಟು ಪಾಲು ವಾಪಸ್ ಹೊಳೆಯಿತು ಅನ್ನುವ ಲೆಕ್ಕ, ಮೊದಲು 14 ಶೇಕಡಾ ಬಂದಿತ್ತು. ಶುದ್ಧ ಮಾಡಿದ ಮೇಲೆ 4. ಇದನ್ನು, ಹೊಳಪು ಎಷ್ಟು ಅಂತ ಮೊದಲೇ ಗೊತ್ತಿರುವ ಕ್ವಿನೈನ್ ಸಲ್ಫೇಟ್ ಜೊತೆ ಹೋಲಿಸಿ ಲೆಕ್ಕ ಹಾಕುತ್ತೇವೆ. ತೆಳುವಾದ ಗಂಧಕಾಮ್ಲದಲ್ಲಿ ಅದರದ್ದು 54 ಶೇಕಡಾ. ಹೋಲಿಸುವಾಗ ಎರಡೂ ದ್ರಾವಣದ ಅಬ್ಸಾರ್ಬೆನ್ಸ್, ಅಂದರೆ ಬೆಳಕು ಹೀರುವ ಅಳತೆ, 0.1ಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. 14ರಿಂದ 4ಕ್ಕೆ ಇಳಿದಾಗ ವಿದ್ಯಾರ್ಥಿನಿ ಅತ್ತಳು. ಒಂದು ಸಮ್ಮೇಳನಕ್ಕೆ ಕಳಿಸಿದ್ದ ಸಾರಾಂಶವನ್ನು ವಾಪಸ್ ತೆಗೆದುಕೊಂಡೆವು. ಆ 4 ನಮ್ಮದು, ಆ 14 ನಮ್ಮದಲ್ಲ ಅಂತ ಅವಳಿಗೆ ಹೇಳಿದೆ. ನನಗೂ ಅದನ್ನೇ ಹೇಳಿಕೊಂಡೆ.

ಇದಾದ ಮೇಲೆ ನಮ್ಮ ಹಳೇ ಸ್ಪೆಕ್ಟ್ರಮ್‌ಗಳನ್ನೆಲ್ಲ, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಅನ್ನುವ ನಕ್ಷೆಗಳನ್ನೆಲ್ಲ, ಒಂದೊಂದಾಗಿ ಮತ್ತೆ ತೆಗೆದು ನೋಡಿದೆವು. ಇನ್ನೊಂದು ತಪ್ಪು ಸಿಕ್ಕಿತು. ಇದು ನನಗೆ ಬಹಳ ಇಷ್ಟವಾದ ಪಾಠ.

ಕಾರ್ಬನ್ ಡಾಟ್‌ನ ಒಂದು ಗುಣ ಅಂತ ಎಲ್ಲ ಕಡೆ ಬರೆಯುವುದು ಏನೆಂದರೆ, ಒಳಗೆ ಬಿಡುವ ಬೆಳಕಿನ ತರಂಗಾಂತರ ಬದಲಿಸಿದರೆ ಹೊರಗೆ ಬರುವ ಬೆಳಕೂ ಸರಿಯುತ್ತದೆ. ನಮ್ಮದರಲ್ಲೂ ಸರಿಯುತ್ತಿತ್ತು. 350 ನ್ಯಾನೋಮೀಟರ್ ಬಿಟ್ಟರೆ 397ರಲ್ಲಿ ಒಂದು ಚೂಪು ಶಿಖರ. 370 ಬಿಟ್ಟರೆ 423ರಲ್ಲಿ. 400 ಬಿಟ್ಟರೆ 463ರಲ್ಲಿ. ಎಷ್ಟು ಅಚ್ಚುಕಟ್ಟು ನೋಡಿ. ಅದೇ ಅನುಮಾನಕ್ಕೆ ಕಾರಣ ಆಗಬೇಕಿತ್ತು. ನ್ಯಾನೋಮೀಟರ್ ಬಿಟ್ಟು ಶಕ್ತಿಯ ಲೆಕ್ಕದಲ್ಲಿ, ಅಂದರೆ ಸೆಂಟಿಮೀಟರ್‌ಗೆ ಎಷ್ಟು ಅಲೆ ಅನ್ನುವ ಲೆಕ್ಕದಲ್ಲಿ, ಹೋದ ಬೆಳಕು ಮತ್ತು ಬಂದ ಬೆಳಕಿನ ವ್ಯತ್ಯಾಸ ತೆಗೆಯಿರಿ. ಮೂರರಲ್ಲೂ ಸುಮಾರು 3,400. ಅದು ನೀರಿನ ಅಣುವಿನಲ್ಲಿ ಆಮ್ಲಜನಕ ಮತ್ತು ಜಲಜನಕದ ನಡುವಿನ ಬಂಧ ಕಂಪಿಸುವ ಸಂಖ್ಯೆ. ನಾವು ಅಳೆದ ಆ ಚೂಪು ಶಿಖರ ಡಾಟ್‌ನದ್ದಲ್ಲ, ನೀರಿನ ರಾಮನ್ ಚದುರುವಿಕೆ, ಅಂದರೆ ನೀರಿನ ಅಣುವಿಗೆ ಒಂದಿಷ್ಟು ಶಕ್ತಿ ಕೊಟ್ಟು ಬೇರೆ ತರಂಗಾಂತರದಲ್ಲಿ ಚದುರಿ ಬರುವ ಬೆಳಕು. ದ್ರಾವಣ ತೆಳ್ಳಗಿದ್ದು ಡಾಟ್‌ನ ಬೆಳಕು ಕಡಿಮೆ ಇದ್ದಾಗ ಇದು ಎದ್ದು ಕಾಣುತ್ತದೆ.

1921ರಲ್ಲಿ ಹಡಗಿನಲ್ಲಿ ಹೋಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ, ಇದು ಬರೀ ಆಕಾಶದ ಪ್ರತಿಬಿಂಬ ಅಲ್ಲ ಅಂತ ಸಿ.ವಿ. ರಾಮನ್ ಯೋಚಿಸಿದರು. ಆ ಪ್ರಶ್ನೆಯ ಬೆನ್ನು ಹತ್ತಿ 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮ ಸಿಕ್ಕಿತು. ನನ್ನ ಪ್ರಯೋಗಾಲಯದ ಕಿಟಕಿಯಿಂದ ಅರಬ್ಬಿ ಸಮುದ್ರ ಕಾಣುತ್ತದೆ. ಪ್ರತಿ ವರ್ಷ ವಿಜ್ಞಾನ ದಿನಕ್ಕೆ ಅದೇ ಕಿಟಕಿ ಹತ್ತಿರ ನಿಂತು ಮಕ್ಕಳಿಗೆ ಈ ಕಥೆ ಹೇಳಿದ್ದೇನೆ. ಆ ಪರಿಣಾಮ ನನ್ನ ಕ್ಯುವೆಟ್‌ನಲ್ಲಿಯೇ, ಅಂದರೆ ಬೆಳಕು ಅಳೆಯಲು ದ್ರಾವಣ ಹಾಕುವ ಚಿಕ್ಕ ಪಾತ್ರೆಯಲ್ಲಿಯೇ, ಕೂತಿತ್ತು. ಗುರುತು ಹಿಡಿಯಲು ಬೇಕಿದ್ದದ್ದು ಒಂದೇ ಕೆಲಸ. ಬರೀ ನೀರನ್ನು ಅದೇ ಕ್ಯುವೆಟ್‌ನಲ್ಲಿ ಹಾಕಿ, ಅದೇ ಸೆಟ್ಟಿಂಗ್‌ನಲ್ಲಿ ಓಡಿಸುವುದು. ಬ್ಲ್ಯಾಂಕ್. ಐದು ನಿಮಿಷದ ಕೆಲಸ. ಬ್ಲ್ಯಾಂಕ್ ಕಳೆದ ಮೇಲೆ ನಮ್ಮ ಡಾಟ್‌ನ ನಿಜವಾದ ಬೆಳಕು 450ರಿಂದ 500ರ ನಡುವೆ, ಅಗಲವಾಗಿ, ಮೆಲ್ಲಗೆ ಸರಿಯುವುದು ಕಂಡಿತು.

ಅಬ್ಸಾರ್ಬೆನ್ಸ್‌ನಲ್ಲಿ 280 ನ್ಯಾನೋಮೀಟರ್ ಹತ್ತಿರ ಬರುವ ಶಿಖರದ್ದೂ ಇಂಥದೇ ಕಥೆ. ಇಂಗಾಲದ ಜೋಡಿ ಬಂಧದ್ದು ಅಂತ ಬರೆದುಬಿಡುವುದು ರೂಢಿ. ಆದರೆ ಅಡಿಕೆಯಲ್ಲಿ ಧಾರಾಳವಾಗಿರುವ ಕ್ಯಾಟೆಚಿನ್ ಅನ್ನುವ ಒಗರಿನ ಅಣು ಕೂಡ ಅಲ್ಲೇ ಬೆಳಕು ಹೀರುತ್ತದೆ. ಬೇಯದೇ ಉಳಿದ ಚೊಗರಿದ್ದರೂ ಅದೇ ಶಿಖರ. ಹಸಿ ಚೊಗರಿನ ಸ್ಪೆಕ್ಟ್ರಮ್ ಪಕ್ಕದಲ್ಲಿಟ್ಟು ತೋರಿಸದೆ ಏನೂ ಹೇಳುವ ಹಾಗಿಲ್ಲ.

ಎಫ್‌ಟಿಐಆರ್, ಅಂದರೆ ಅತಿಗೆಂಪು ಬೆಳಕಿನಿಂದ ರಾಸಾಯನಿಕ ಬಂಧ ಗುರುತಿಸುವ ವಿಧಾನದ ಬಗ್ಗೆ ಕರಾವಳಿಯವರಿಗೆ ಒಂದೇ ಮಾತು. ಮಳೆಗಾಲದಲ್ಲಿ, ಅಳೆಯುವ ಪುಡಿ ಬೆರೆಸಿ ಒತ್ತುವ ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ ಮಾಡಬೇಡಿ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಬಿಲ್ಲೆ ಮಸುಕಾಗುತ್ತದೆ. 3,400ಕ್ಕೆ ದೊಡ್ಡ ಗುಡ್ಡ, 1,630ಕ್ಕೆ ಚಿಕ್ಕದು ಬರುತ್ತದೆ. ಎರಡೂ ನೀರಿನವೇ. ಡಾಟ್ ಮೇಲೆ ಹೈಡ್ರಾಕ್ಸಿಲ್ (ಆಮ್ಲಜನಕ, ಜಲಜನಕದ ಜೋಡಿ) ಇದೆ ಅಂತ ಸಂತೋಷಪಟ್ಟರೆ ಮೋಸ ಹೋದ ಹಾಗೆ. ಪುಡಿಯನ್ನು ಓವನ್‌ನಲ್ಲಿ ಒಣಗಿಸಿ, ಬಿಲ್ಲೆ ಒತ್ತಿದ ಕೂಡಲೇ ಅಳೆಯಬೇಕು. ನಾವು ಎಲ್ಲವನ್ನೂ ಜನವರಿ, ಫೆಬ್ರವರಿಗೆ ಇಟ್ಟುಕೊಂಡೆವು.

ಎರಡನೇ ವರ್ಷ ಹೊಸ ತಲೆನೋವು. ಒಂದೇ ವಿಧಾನ, ಒಂದೇ ಓವನ್, ಆದರೂ ಒಂದು ಬ್ಯಾಚ್ ಹೊಳೆಯುತ್ತಿತ್ತು, ಇನ್ನೊಂದು ಅರ್ಧಕ್ಕರ್ಧ ಮಂಕು. ಚೊಗರು ಎರಡು ಮನೆಯಿಂದ ಬಂದದ್ದು. ಮಂಕಾಗಿದ್ದದ್ದು ನಮ್ಮ ಮನೆಯದು. ದೀಪಾವಳಿಗೆ ಮನೆಗೆ ಹೋದಾಗ ಆಯಿಯ ಹತ್ತಿರ ಇದನ್ನೇ ಹೇಳುತ್ತಾ ಕೂತಿದ್ದೆ. ಅಡಿಕೆ ಹೇಗೆ ಬೇಯಿಸಿದಿರಿ, ಎಷ್ಟು ಹೊತ್ತು, ನೀರು ಯಾವುದು ಅಂತೆಲ್ಲ ಕೇಳಿದೆ. ಆಯಿ ಎಲ್ಲದಕ್ಕೂ ಉತ್ತರ ಹೇಳಿ, ಕೊನೆಗೆ ಹಂಡೆ ಕಡೆ ನೋಡಿ, "ಕಲಾಯಿ ಹೋಗಿ ಎರಡು ವರ್ಷ ಆತು ತಮಾ, ಹಾಕ್ಸವು" ಅಂದಳು.

ತಾಮ್ರದ ಹಂಡೆ. ಒಳಗಿನ ತವರದ ಕಲಾಯಿ ಸವೆದು ತಾಮ್ರ ಬರಿದಾಗಿತ್ತು. ಒಗರು ರಸ ಅದರಲ್ಲಿ ತಾಸುಗಟ್ಟಲೆ ಕುದಿದರೆ ತಾಮ್ರ ಕರಗಿ ಬರದೇ ಇರುತ್ತದೆಯೇ? ತಾಮ್ರದ ಅಯಾನ್ ಕಾರ್ಬನ್ ಡಾಟ್‌ನ ಬೆಳಕನ್ನು ಚೆನ್ನಾಗಿಯೇ ಆರಿಸುತ್ತದೆ. ಇದು ಹೊಳೆದ ಕೂಡಲೇ ಇನ್ನೊಂದೂ ಹೊಳೆಯಿತು. ಮಳೆಗಾಲದಲ್ಲಿ ಕೊಳೆ ರೋಗ ಬಾರದಿರಲಿ ಅಂತ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಒಂದಲ್ಲ, ಎರಡು ಸಲ ಹೊಡೆಯುತ್ತೇವೆ. ಗೊನೆಯ ಮೇಲೆ ಆ ನೀಲಿ ಪುಡಿ ಕೂತಿರುವುದನ್ನು ಎಷ್ಟು ಸಲ ನೋಡಿಲ್ಲ ನಾನು! ಪ್ರಕೃತಿಯಿಂದ ಬಂದ ಕಚ್ಚಾವಸ್ತು, ಆದ್ದರಿಂದ ಶುದ್ಧ ಅಂತ ಪ್ರಬಂಧಗಳಲ್ಲಿ ಸುಲಭವಾಗಿ ಬರೆದುಬಿಡುತ್ತೇವೆ. ತೋಟದಿಂದ ಬಂದದ್ದರ ಜೊತೆ ತೋಟದ ಇತಿಹಾಸವೂ ಬರುತ್ತದೆ.

ಪರಮಾಣು ಹೀರುವಿಕೆಯ ಉಪಕರಣದಲ್ಲಿ ಎರಡೂ ಚೊಗರನ್ನು ಅಳೆಸಿದೆವು. ತಾಮ್ರ ಎರಡರಲ್ಲೂ ಇತ್ತು, ನಮ್ಮ ಹಂಡೆಯದರಲ್ಲಿ ಬಹಳ ಜಾಸ್ತಿ. ಅವತ್ತಿನಿಂದ ಹಂಡೆಯ ಚೊಗರು ಬಿಟ್ಟೆವು. ಅಡಿಕೆಯನ್ನು ಸಿಪ್ಪೆ ಇರುವಾಗಲೇ ತೆಳು ಆಮ್ಲದಲ್ಲಿ ತೊಳೆದು, ಮತ್ತೆ ನೀರಿನಲ್ಲಿ ತೊಳೆದು, ಸ್ಟೀಲ್ ಚಾಕುವಿನಲ್ಲಿ ಸುಲಿದು, ಗಾಜಿನ ಬೀಕರ್‌ನಲ್ಲಿ ಬೇಯಿಸುವುದು. ಹಂಡೆಯ ಚೊಗರಿನಷ್ಟು ಗಟ್ಟಿ ಆಗುವುದಿಲ್ಲ, ಘಮವೂ ಬರುವುದಿಲ್ಲ. ಆದರೆ ಬ್ಯಾಚ್‌ಗಳು ಒಂದಕ್ಕೊಂದು ಹೊಂದತೊಡಗಿದವು. ಆಯಿಯ ಹಂಡೆಗೆ ಕಲಾಯಿಯನ್ನೂ ಹಾಕಿಸಿದೆ.

ಕಣದ ಗಾತ್ರ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು, ಅದು ನಮ್ಮಲ್ಲಿಲ್ಲ. ತಾಮ್ರದ ಜಾಲರಿಯ ಮೇಲೆ ಒಂದು ಹನಿ ಒಣಗಿಸಿ ಹೊರಗೆ ಕೊಟ್ಟು ನೋಡಿಸಬೇಕು. ಉಳಿದ ಕೆಲವು ಅಳತೆಗೆ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಧಾರವಾಡಕ್ಕೆ ಓಡಾಡಿದೆವು. ಚಿತ್ರದಲ್ಲಿ 3ರಿಂದ 6 ನ್ಯಾನೋಮೀಟರ್‌ನ ಗುಂಡು ಕಣಗಳು ಕಂಡವು. ಕೆಲವದರಲ್ಲಿ 0.21 ನ್ಯಾನೋಮೀಟರ್ ಅಂತರದ ಗೆರೆಗಳು, ಗ್ರಾಫೈಟ್‌ಗೆ ಹೊಂದುವಂಥವು. ಇಲ್ಲೂ ಎಚ್ಚರ ಬೇಕು. ಅಡುಗೆ ಉಪ್ಪಿನ ಹರಳಿನಲ್ಲೂ 0.20 ನ್ಯಾನೋಮೀಟರ್ ಅಂತರದ ಗೆರೆ ಇದೆ. ಸಮುದ್ರದ ಗಾಳಿಯಲ್ಲಿ ಜಾಲರಿ ತೆರೆದಿಟ್ಟು ಒಣಗಿಸಿದರೆ ಏನು ಬಂದು ಕೂರುತ್ತದೆ ಅಂತ ಯೋಚಿಸಿ. ತೇವ ಬಾರದ ಮುಚ್ಚಿದ ಪಾತ್ರೆ, ಅಂದರೆ ಡೆಸಿಕೇಟರ್‌ನಲ್ಲೇ ಒಣಗಿಸಿ.

ಈಗ ಕಬ್ಬಿಣಕ್ಕೆ ಬರೋಣ.

ನಮ್ಮ ಕರಾವಳಿಯ ನೆಲ ಚಿರೇಕಲ್ಲಿನದು. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು, ಇಂಗ್ಲಿಷರ ಕಾಲದಲ್ಲಿ ಈ ಕಡೆ ಸುತ್ತಾಡಿ ಬರೆದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅಂತ ಅರ್ಥ. ನಾವೂ ಜಂಬಿಟ್ಟಿಗೆ ಅನ್ನುತ್ತೇವಲ್ಲ. ಅದರ ಕೆಂಪು ಬಣ್ಣ ಕಬ್ಬಿಣದ್ದು. ಕೆಲವು ಬಾವಿಗಳ ನೀರನ್ನು ಸೇದಿದಾಗ ತಿಳಿಯಾಗಿರುತ್ತದೆ. ಕೊಡದಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ. ಬಿಳಿ ಬಟ್ಟೆ ಒಗೆದರೆ ಹಳದಿ ಕಲೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಈ ಕಲೆ ಶುರುವಾಗುತ್ತದೆ.

ಮೊದಲ ಸಲ ಆರು ಬಾವಿಯ ನೀರು ತಂದಾಗ ನಾವು ಮಾಡಿದ ತಪ್ಪು ಈ ಗಸಿಯದ್ದೇ. ಬಾಟಲಿ ತುಂಬಿ, ಬಸ್ಸಿನಲ್ಲಿ ತಂದು, ಮರುದಿನ ಮೇಲಿನ ತಿಳಿನೀರು ತೆಗೆದು ಅಳೆದೆವು. ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ! ಬಾಟಲಿಯ ತಳ ನೋಡಿದರೆ ಕೆಂಪು ಪದರ. ಬಾವಿಯ ಆಳದಲ್ಲಿ ಕಬ್ಬಿಣ ಎರಡು ಚಾರ್ಜಿನ ರೂಪದಲ್ಲಿ ಕರಗಿರುತ್ತದೆ. ಗಾಳಿ ತಾಗಿದ ಮೇಲೆ ಮೂರು ಚಾರ್ಜಿನದಾಗಿ, ಕರಗದೆ ಕೆಳಗೆ ಕೂರುತ್ತದೆ. ಈಗ ಬಾವಿಕಟ್ಟೆಯ ಮೇಲೆಯೇ ಬಾಟಲಿಗೆ ನೈಟ್ರಿಕ್ ಆಮ್ಲದ ಹನಿ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸುತ್ತೇವೆ. ಬಾಟಲಿಯನ್ನೂ ಮೊದಲೇ ಆಮ್ಲದಲ್ಲಿ ತೊಳೆದಿರಬೇಕು.

ಆದರೆ ಅಷ್ಟು ಹುಳಿಯಲ್ಲಿ ನಮ್ಮ ಡಾಟ್ ಸೊರಗುತ್ತದೆ. ಪಿಎಚ್ 4 ದಾಟಿದರೆ ಕಬ್ಬಿಣ ಕೂರಲು ಶುರು. ಹತ್ತಾರು ಸಲ ನೋಡಿ 3.5ಕ್ಕೆ ಬಂದು ನಿಂತೆವು. ಬ್ಲ್ಯಾಂಕನ್ನೂ ಅದೇ ಪಿಎಚ್‌ಗೆ ತರಬೇಕು, ಅದನ್ನು ಮರೆಯಬಾರದು.

ಕಬ್ಬಿಣ ಹಾಕಿದರೆ ಬೆಳಕು ಕುಂದಿತು. ನಾವು ಬಯಸಿದ್ದೂ ಅದನ್ನೇ. ಆದರೆ ಅಷ್ಟೊತ್ತಿಗೆ ಬಯಸಿದ್ದು ಕಂಡರೆ ಮೊದಲು ಅನುಮಾನ ಪಡುವುದು ಅಭ್ಯಾಸವಾಗಿತ್ತು. ಮೂರು ಚಾರ್ಜಿನ ಕಬ್ಬಿಣ ತಾನೇ ಅತಿನೇರಳೆ ಬೆಳಕು ಹೀರುತ್ತದೆ. ನಾವು ಡಾಟ್‌ಗೆ ಅಂತ ಬಿಟ್ಟ ಬೆಳಕನ್ನು ದಾರಿಯಲ್ಲೇ ಅದು ತಿಂದರೆ ಡಾಟ್ ಮಂಕಾಗಿ ಕಾಣುವುದು ಸಹಜ. ತೋಟದಲ್ಲಿ ಬಾಳೆ ಸೊರಗಿದೆ ಅಂತ ಅದಕ್ಕೆ ರೋಗ ಅನ್ನಲು ಬರುವುದಿಲ್ಲ, ಮೇಲಿನ ನೆರಳು ಜಾಸ್ತಿ ಆಗಿರಬಹುದು. ಡಾಟ್ ಜೊತೆ ಕಬ್ಬಿಣ ನಿಜವಾಗಿ ಸೇರಿದೆಯೋ, ಬರೀ ನೆರಳಾಗಿದೆಯೋ? ಪ್ರತಿ ಮಾದರಿಯ ಅಬ್ಸಾರ್ಬೆನ್ಸ್ ಅಳೆದು, ಹೀರಿಹೋದ ಪಾಲನ್ನು ಲೆಕ್ಕ ಹಾಕಿ ಸರಿಪಡಿಸಿದೆವು. ಕುಂದಿದ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧ ನೆರಳಿನದು. ಉಳಿದರ್ಧ ನಿಜವಾದದ್ದು. ಬೆಳಕಿನ ಆಯಸ್ಸು, ಅಂದರೆ ಪ್ರಚೋದನೆ ಆದ ಮೇಲೆ ಎಷ್ಟು ನ್ಯಾನೋಸೆಕೆಂಡ್ ಹೊಳೆಯುತ್ತದೆ ಅನ್ನುವುದನ್ನೂ ಅಳೆಸಿದೆವು. ಅದು ಬದಲಾಗಿರಲಿಲ್ಲ. ಕಬ್ಬಿಣ ಬಂದು ತಾಗಿ ಹೋಗುತ್ತಿದ್ದರೆ ಆಯಸ್ಸು ಕಡಿಮೆ ಆಗಬೇಕಿತ್ತು. ಸರಿಪಡಿಸಿದ ಮೇಲೂ ಬೆಳಕು ಕುಂದಿದೆ, ಆಯಸ್ಸು ಹಾಗೇ ಇದೆ ಅಂದರೆ ಕಬ್ಬಿಣ ಡಾಟ್‌ನ ಮೈಗೆ ಅಂಟಿ ಕೂತಿದೆ. ಅಂಟಿಸಿಕೊಂಡ ಡಾಟ್ ಹೊಳೆಯುವುದಿಲ್ಲ, ಉಳಿದವು ಎಂದಿನಂತೆ ಹೊಳೆಯುತ್ತವೆ. ಮೆಟ್ಟುಗತ್ತಿಯ ಮೇಲೆ ಆಗುವುದೂ ಇದೇ. 180 ಡಿಗ್ರಿಯಲ್ಲಿ 8 ತಾಸು ಬೆಂದ ಮೇಲೂ ಚೊಗರಿಗೆ ಕಬ್ಬಿಣ ಹಿಡಿಯುವ ಗುಣ ಉಳಿದಿತ್ತು ಅನ್ನುವುದು ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಸಂತೋಷ.

ಇದರಿಂದ ಹಳ್ಳಿಯ ಬಾವಿ ಪರೀಕ್ಷೆ ಮಾಡಬಹುದಾ ಅಂತ ಜನ ಕೇಳುತ್ತಾರೆ. ನನ್ನ ಉತ್ತರ, ಸದ್ಯಕ್ಕೆ ಬೇಡ. ಅದಕ್ಕೆ ಫೆನಾಂತ್ರೋಲಿನ್ ವಿಧಾನ ಇದೆ. ಕಬ್ಬಿಣ ಇದ್ದರೆ ಕಿತ್ತಳೆ ಕೆಂಪು ಬಣ್ಣ, 510 ನ್ಯಾನೋಮೀಟರ್‌ನಲ್ಲಿ ಅಳೆದರಾಯಿತು. ಕಡಿಮೆ ಖರ್ಚು, ಎಲ್ಲ ಕಾಲೇಜಿನಲ್ಲೂ ಆಗುತ್ತದೆ. ಹೊಸದು ಅನ್ನುವ ಒಂದೇ ಕಾರಣಕ್ಕೆ ಡಾಟ್ ಅದಕ್ಕಿಂತ ಮೇಲು ಅಂತ ನಾನು ಬರೆಯಲಾರೆ. ನಾವು ಪ್ರತಿ ಬಾವಿಯ ನೀರನ್ನೂ ಎರಡೂ ವಿಧಾನದಲ್ಲಿ ಅಳೆಯುತ್ತೇವೆ, ಎರಡನ್ನೂ ಪಕ್ಕಪಕ್ಕ ಬರೆಯುತ್ತೇವೆ.

ಕಳೆದ ಮೇ ತಿಂಗಳಲ್ಲಿ ಕಾರವಾರದಿಂದ ಅಂಕೋಲೆವರೆಗೆ 12 ಬಾವಿ ಮಾಡಿದೆವು. ಹತ್ತರಲ್ಲಿ ಎರಡೂ ವಿಧಾನ ಹೊಂದಿದವು. ಎರಡರಲ್ಲಿ ಇಲ್ಲ. ಫೆನಾಂತ್ರೋಲಿನ್ ಕಬ್ಬಿಣ ಇದೆ ಅನ್ನುತ್ತಿತ್ತು, ಡಾಟ್ ಕಡಿಮೆ ತೋರಿಸುತ್ತಿತ್ತು. ನಾನು ಉಪ್ಪಿನಂಶ ಇರಬಹುದು, ಕಾಳಿ ನದಿಯ ಅಳಿವೆ ಹತ್ತಿರ ಇದೆಯಲ್ಲ ಅಂತ ಯೋಚಿಸುತ್ತಿದ್ದೆ. ಸೋಡಿಯಂ ಕ್ಲೋರೈಡ್ ಹಾಕಿ ನೋಡಿದರೆ ಅಷ್ಟು ವ್ಯತ್ಯಾಸ ಬರಲಿಲ್ಲ.

ವಿದ್ಯಾರ್ಥಿನಿ ಎರಡು ದಿನ ಏನೂ ಹೇಳದೆ ಕೆಲಸ ಮಾಡಿದಳು. ಮೂರನೇ ದಿನ ನೋಟ್‌ಬುಕ್ ತಂದು ನನ್ನ ಮೇಜಿನ ಮೇಲೆ ಇಟ್ಟಳು. "ಸರ್, ಆ ಎರಡು ಬಾವಿಯ ನೀರಿಗೆ ಡಾಟ್ ಹಾಕದೆ ಓಡಿಸಿದೆ. 445ಕ್ಕೆ ನೀರೇ ಹೊಳೀತಿದೆ."

ಎರಡೂ ಬಾವಿ ಹಲಸಿನ ಮರದ ಕೆಳಗೆ ಇವೆ. ಎಲೆ ಬಿದ್ದು ಕೊಳೆತ ನೀರಿನಲ್ಲಿ ಹ್ಯೂಮಿಕ್ ಅಂಶ ಸೇರುತ್ತದೆ, ಅದಕ್ಕೂ ಇದೇ ನೀಲಿ ಬೆಳಕು. ಕಬ್ಬಿಣ ಡಾಟ್‌ನ ಬೆಳಕನ್ನು ಎಷ್ಟು ಕುಂದಿಸಿತ್ತೋ, ನೀರಿನ ಸ್ವಂತ ಬೆಳಕು ಅದರಲ್ಲಿ ಒಂದಿಷ್ಟನ್ನು ತುಂಬಿಕೊಟ್ಟಿತ್ತು. ಅವಳು ಅದನ್ನು ಕಳೆದು, ಹೊಸ ಅಂಕಿ ಪಕ್ಕದಲ್ಲಿ ಬರೆದಿದ್ದಳು. ಒಂದು ಬಾವಿ ಹೊಂದಿತು. ಇನ್ನೊಂದು ಹತ್ತಿರ ಬಂದಿದೆ, ಪೂರ್ತಿ ಇಲ್ಲ. ಮಳೆ ನಿಂತ ಮೇಲೆ ಆ ಬಾವಿಗೆ ಮತ್ತೆ ಹೋಗುತ್ತೇವೆ. ಈ ಸಲ ಬಾವಿ ಪಟ್ಟಿಯ ಮೊದಲ ಸಾಲಿನಲ್ಲೇ ಅವಳು ಒಂದು ಹೊಸ ಕಾಲಂ ಹಾಕಿದ್ದಾಳೆ: ಡಾಟ್ ಇಲ್ಲದೆ.